ಆರ್ನಾಲ್ಡ್ ಡಿಕ್: ಊರು ಕಳೆದುಕೊಂಡವರಿಗೆ ಪತ್ರಿಕೆ ನಡೆಸಿದ ಮೆನೊನೈಟ್ ಸಂಪಾದಕ. ಯಾರಾದರೂ ಓದಿದ್ದೀರಾ?

ಹಳೇಕಾಗದ

ಎಲ್ಲರಿಗೂ ನಮಸ್ಕಾರ. ನನಗೆ ತುಂಬ ಹಿಡಿಸಿದ ಒಬ್ಬ ಸಂಪಾದಕರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಹೆಸರು ಆರ್ನಾಲ್ಡ್ ಡಿಕ್. 1889ರಲ್ಲಿ ಆಗಿನ ರಷ್ಯಾ ಸಾಮ್ರಾಜ್ಯದ, ಈಗಿನ ಉಕ್ರೇನಿನ ಹೋಖ್‌ಫೆಲ್ಡ್ ಅನ್ನೋ ಹಳ್ಳಿಯಲ್ಲಿ ಹುಟ್ಟಿದರು. 1970ರಲ್ಲಿ ಜರ್ಮನಿಯಲ್ಲಿ ತೀರಿಕೊಂಡರು. ನಡುವೆ ಬಹುಪಾಲು ಕೆಲಸ ಮಾಡಿದ್ದು ಕೆನಡಾದ ಮ್ಯಾನಿಟೋಬಾದಲ್ಲಿ.

ಮೆನೊನೈಟರು ಯಾರು ಅಂತ ಗೊತ್ತಿಲ್ಲದವರಿಗೆ ಸ್ವಲ್ಪದರಲ್ಲಿ ಹೇಳುತ್ತೇನೆ. 16ನೇ ಶತಮಾನದ ಯೂರೋಪಿನಲ್ಲಿ ಕ್ರೈಸ್ತರಲ್ಲೇ ಒಂದು ಗುಂಪು ಬೇರೆ ದಾರಿ ಹಿಡಿಯಿತು. ದೊಡ್ಡವರಾಗಿ ತಿಳಿದು ಒಪ್ಪಿದ ಮೇಲೆಯೇ ದೀಕ್ಷಾಸ್ನಾನ, ಯಾರ ಮೇಲೂ ಆಯುಧ ಎತ್ತಬಾರದು, ಸೈನ್ಯಕ್ಕೆ ಸೇರಬಾರದು ಅನ್ನೋದು ಅವರ ನಂಬಿಕೆ. ಮೆನ್ನೊ ಸೈಮನ್ಸ್ ಅನ್ನೋ ಡಚ್ ಪಾದ್ರಿ 1536ರಲ್ಲಿ ಕ್ಯಾಥೊಲಿಕ್ ಸಭೆ ಬಿಟ್ಟು ಇವರ ಜೊತೆ ಸೇರಿದರು. ಹೆಸರು ಅವರಿಂದಲೇ ಬಂತು. ಸೈನ್ಯಕ್ಕೆ ಸೇರಲ್ಲ ಅಂದವರನ್ನು ಯಾವ ರಾಜ ತಾನೇ ಸುಮ್ನೆ ಬಿಡುತ್ತಾನೆ? ನೆದರ್‌ಲ್ಯಾಂಡ್ಸ್ ಕಡೆಯಿಂದ ವಿಸ್ಟುಲಾ ನದಿಯ ಬಯಲಿಗೆ ಹೋದರು. ಅಲ್ಲಿಂದ ರಾಣಿ ಕ್ಯಾಥರೀನಳ ಕರೆಯ ಮೇಲೆ ರಷ್ಯಾದ ದಕ್ಷಿಣದ ಹುಲ್ಲುಬಯಲಿಗೆ ಬಂದರು. 1789ರಲ್ಲಿ ಖೊರ್ತಿತ್ಸಾ, 1804ರಲ್ಲಿ ಮೊಲೊಚ್ನಾ ಅನ್ನೋ ನೆಲೆಗಳು ಶುರುವಾದವು. ನೂರು ವರ್ಷದಲ್ಲಿ ಆ ಬಯಲು ಗೋಧಿಯ ಕಣಜವಾಯಿತು.

ಡಿಕ್ ಹುಟ್ಟಿದ್ದು ಈ ಸಮೃದ್ಧಿಯ ಕಾಲದಲ್ಲಿ. ಹಳ್ಳಿ ಹುಡುಗನಿಗೆ ಚಿತ್ರ ಬರೆಯುವ ಹುಚ್ಚು. ರೈತರ ಸಮಾಜದಲ್ಲಿ ಚಿತ್ರ ಬರೆಯೋದು ಒಂದು ಕೆಲಸ ಅಂತ ಯಾರೂ ಒಪ್ಪುತ್ತಿರಲಿಲ್ಲ. ಆದರೂ ಮ್ಯೂನಿಕ್, ಸ್ಟುಟ್‌ಗಾರ್ಟ್, ಸೇಂಟ್ ಪೀಟರ್ಸ್‌ಬರ್ಗ್ ಅಂತ ಓಡಾಡಿ ಕಲೆ ಕಲಿತರು. ಅಷ್ಟರಲ್ಲಿ ಮೊದಲ ಮಹಾಯುದ್ಧ ಬಂತು. ಬಂದೂಕು ಹಿಡಿಯದ ಮೆನೊನೈಟರಲ್ಲಿ ಸುಮಾರು 12,000 ಮಂದಿ ಗಾಯಾಳುಗಳ ರೈಲುಗಳಲ್ಲಿ, ಕಾಡಿನ ಕೆಲಸದಲ್ಲಿ ಸೇವೆ ಮಾಡಿದರು. ಡಿಕ್ ರೆಡ್ ಕ್ರಾಸ್ ಕೆಲಸದಲ್ಲಿದ್ದರು. ಆಮೇಲೆ ಕ್ರಾಂತಿ, ಅಂತರ್ಯುದ್ಧ, ಟೈಫಸ್ ಜ್ವರ, 1921-22ರ ಬರ. 1923ರಲ್ಲಿ ಸಂಸಾರ ಕಟ್ಟಿಕೊಂಡು ಕೆನಡಾಕ್ಕೆ ಹೊರಟರು.

ಮ್ಯಾನಿಟೋಬಾದ ಸ್ಟೈನ್‌ಬ್ಯಾಕ್ ಅನ್ನೋ ಚಿಕ್ಕ ಊರಿನಲ್ಲಿ ‘ಸ್ಟೈನ್‌ಬ್ಯಾಕ್ ಪೋಸ್ಟ್’ ಅಂತ ಒಂದು ಜರ್ಮನ್ ವಾರಪತ್ರಿಕೆ ಇತ್ತು. ಡಿಕ್ 1924ರಲ್ಲಿ ಅದರ ಸಂಪಾದಕರಾದರು. 1936ರವರೆಗೆ ನಡೆಸಿದರು. ಅದರ ಕೊನೆಯ ಹೊತ್ತಿಗೆ, 1935ರಲ್ಲಿ, ‘ಮೆನೊನಿಟಿಶೆ ಫೋಕ್ಸ್‌ವಾರ್ಟೆ’ ಅನ್ನೋ ಸಾಹಿತ್ಯದ ಮಾಸಪತ್ರಿಕೆ ಹೊರಡಿಸಿದರು. 1938ಕ್ಕೆ ಅದು ನಿಂತಿತು. ಇವರ ಬಗ್ಗೆ ಬರೆದವರು ಸಾಮಾನ್ಯವಾಗಿ ಈ ವರ್ಷಗಳನ್ನು ಬೇಗ ದಾಟಿ ಪುಸ್ತಕಗಳಿಗೆ ಹೋಗುತ್ತಾರೆ. ಸಂಪಾದಕನ ಕೆಲಸ ಹೊಟ್ಟೆಪಾಡು, ನಿಜವಾದ ಕೆಲಸ ಆಮೇಲೆ ಶುರುವಾಯಿತು ಅನ್ನೋ ಧಾಟಿ. ನನಗೆ ಅದು ಸರಿ ಅನಿಸೋದಿಲ್ಲ. ರೈತರ ಕಾಗದಗಳನ್ನು ವಾರ ವಾರ ಓದಿ, ತಿದ್ದಿ, ಅಚ್ಚು ಮಾಡಿದ ಆ ಹನ್ನೆರಡು ವರ್ಷಗಳೇ ಅವರನ್ನು ಲೇಖಕನನ್ನಾಗಿ ಮಾಡಿದ್ದು ಅಂತ ನಾನು ನಂಬುತ್ತೇನೆ. ನೀವೇನಂತೀರಿ?

ಮೊಳೆಜೋಡಣೆ

ತುಂಬ ಒಳ್ಳೆ ವಿಷಯ ಸರ್. ನಾನು ಜಿಲ್ಲಾ ಕೇಂದ್ರದ ಒಂದು ಸಣ್ಣ ವಾರಪತ್ರಿಕೆಯಲ್ಲಿ ಬಹಳ ಕಾಲ ಕೆಲಸ ಮಾಡಿದವನು. ಮೊಳೆ ಜೋಡಿಸಿದ್ದೇನೆ, ಪ್ರೂಫ್ ನೋಡಿದ್ದೇನೆ, ಚಂದಾ ಬಾಕಿಗೆ ಮನೆ ಮನೆ ಅಲೆದಿದ್ದೇನೆ. ಲಗ್ನಪತ್ರಿಕೆಯ ಜಾಬ್ ವರ್ಕ್ ಬರದೇ ಇದ್ದರೆ ಆ ವಾರದ ಪತ್ರಿಕೆಗೆ ಕಾಗದ ತರೋಕೆ ದುಡ್ಡಿರುತ್ತಿರಲಿಲ್ಲ. ಹಾಗಾಗಿ ನಿಮ್ಮ ಮಾತು ಒಪ್ಪೋಕೆ ಸ್ವಲ್ಪ ಕಷ್ಟ. ಚಿತ್ರಕಲೆ ಓದಿ ಬಂದ ಮನುಷ್ಯ. ಅವರ ಕೈಗೆ ಬಂದದ್ದು ಮಳೆ, ಬೆಳೆ, ಸಾವು, ಬಾಣಂತನದ ಸುದ್ದಿ. ಹನ್ನೆರಡು ವರ್ಷ ಅದರಲ್ಲೇ ಕಳೆದರೆ ಒಳಗಿನ ಬರಹಗಾರ ಬೆಳೆಯೋದಕ್ಕಿಂತ ಸವೆಯೋದೇ ಜಾಸ್ತಿ. ಒಳ್ಳೇ ಕಥೆ ಬರೆಯುತ್ತಿದ್ದವರು ಪತ್ರಿಕೆಗೆ ಸೇರಿ ಬರೆಯೋದನ್ನೇ ಬಿಟ್ಟದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅದೂ 1930ರ ದಶಕ ಅಂದರೆ ಆ ಬಯಲುಸೀಮೆಗೆ ಬರ, ಧಾನ್ಯದ ಬೆಲೆ ನೆಲಕಚ್ಚಿದ ಕಾಲ. ಅಂಥ ಹೊತ್ತಿನಲ್ಲಿ ರೈತ ಮೊದಲು ನಿಲ್ಲಿಸೋದು ಪತ್ರಿಕೆಯ ಚಂದಾವನ್ನೇ. ಅವರ ಮಾಸಪತ್ರಿಕೆ ನಾಲ್ಕು ವರ್ಷ ಬದುಕಿತು ಅನ್ನೋದೇ ನನಗೆ ಆಶ್ಚರ್ಯ.

ಕೆಂಪುನದಿ

ನಾನು ವಿನ್ನಿಪೆಗ್‌ನಲ್ಲಿದ್ದೇನೆ. ಸ್ಟೈನ್‌ಬ್ಯಾಕ್ ಇಲ್ಲಿಂದ ಕಾರಿನಲ್ಲಿ ಒಂದು ಗಂಟೆಯೊಳಗಿನ ದಾರಿ. ಆ ಊರಿನ ಮೆನೊನೈಟ್ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೇನೆ. ಗಾಳಿಗಿರಣಿ, ಮನೆ ಮತ್ತು ದನದ ಕೊಟ್ಟಿಗೆ ಒಂದೇ ಸೂರಿನ ಕೆಳಗೆ ಇರುವ ಕಟ್ಟಡ, ಎಲ್ಲ ಚೆನ್ನಾಗಿ ಉಳಿಸಿಕೊಂಡಿದ್ದಾರೆ.

ಈ ಚರ್ಚೆಗೆ ಒಂದು ಮುಖ್ಯವಾದ ವಿಷಯ ಸೇರಿಸಬೇಕು. ಇದು ಗೊತ್ತಿಲ್ಲದಿದ್ದರೆ ಡಿಕ್ ಅವರ ಕಷ್ಟ ಅರ್ಥವಾಗೋದಿಲ್ಲ. ಮ್ಯಾನಿಟೋಬಾದಲ್ಲಿ ಎರಡು ಬಗೆಯ ಮೆನೊನೈಟರಿದ್ದರು. ಇಬ್ಬರೂ ರಷ್ಯಾದಿಂದಲೇ ಬಂದವರು, ಆದರೆ ಐವತ್ತು ವರ್ಷ ಹಿಂದೆ ಮುಂದೆ.

ಮೊದಲನೆಯವರು 1874ರಿಂದ ಬಂದವರು. ರಷ್ಯಾ ಎಲ್ಲರಿಗೂ ಸೈನ್ಯಸೇವೆ ಕಡ್ಡಾಯ ಅಂದ ಕೂಡಲೇ ಹೊರಟುಬಿಟ್ಟರು. ಆ ದಶಕದಲ್ಲಿ ಸುಮಾರು 7,000 ಮಂದಿ ಮ್ಯಾನಿಟೋಬಾಕ್ಕೆ ಬಂದರು. ಸ್ಟೈನ್‌ಬ್ಯಾಕ್ ಊರು ಕಟ್ಟಿದ್ದು 1874ರಲ್ಲಿ ಬಂದ 18 ಸಂಸಾರಗಳು. ಇವರನ್ನು ‘ಕನಾಡಿಯರ್’ ಅನ್ನುತ್ತಿದ್ದರು. ಸರಳ ಬದುಕು, ಹಳೇ ಕಟ್ಟುಪಾಡು, ಶಾಲೆ ಅಂದರೆ ಬೈಬಲ್ ಮತ್ತು ಲೆಕ್ಕ.

ಎರಡನೆಯವರು 1923ರಿಂದ 1930ರೊಳಗೆ ಬಂದ ಸುಮಾರು 20,000 ಮಂದಿ. ಇವರು ‘ರುಸ್‌ಲೆಂಡರ್’. ಊರು ಬಿಟ್ಟು ಹೋಗದೆ ರಷ್ಯಾದಲ್ಲೇ ಉಳಿದು, ಹೈಸ್ಕೂಲು, ಗಿರಣಿ, ಕಾರ್ಖಾನೆ ಕಟ್ಟಿ, ಆಮೇಲೆ ಎಲ್ಲ ಕಳೆದುಕೊಂಡು ಬಂದವರು. ಅವರ ಪ್ರಯಾಣವೂ ಸಲೀಸಲ್ಲ. ಕೆನಡಾ ಸರ್ಕಾರ 1919ರಲ್ಲಿ ಮೆನೊನೈಟರಿಗೆ ಬಾಗಿಲು ಮುಚ್ಚಿತ್ತು. 1922ರಲ್ಲಿ ಪ್ರಧಾನಿ ಮೆಕೆಂಜಿ ಕಿಂಗ್ ಸರ್ಕಾರ ಆ ಆದೇಶ ತೆಗೆಯಿತು. ಕೆನಡಿಯನ್ ಪೆಸಿಫಿಕ್ ರೈಲ್ವೆ ಸಾಲದ ಮೇಲೆ ಕರೆದುಕೊಂಡು ಬಂತು. ಸಾಸ್ಕಾಚೆವಾನ್‌ನ ರೊಸ್ಟರ್ನ್ ಊರಿನ ಬಿಷಪ್ ಡೇವಿಡ್ ಟೇವ್ಸ್ ಆ ಸಾಲದ ಹೊಣೆ ಹೊತ್ತರು. ಎರಡು ದಶಕಗಳ ಮೇಲೆ, 1946ರಲ್ಲಿ ಅದು ತೀರಿತು.

ಈಗ ನೋಡಿ, ಡಿಕ್ ರುಸ್‌ಲೆಂಡರ್. ಚಿತ್ರ, ನಾಟಕ, ಕಾದಂಬರಿ ಬಲ್ಲವರು. ಅವರ ಕೈಗೆ ಬಂದದ್ದು ಕನಾಡಿಯರ್ ಜನರ ಪತ್ರಿಕೆ. ಓದುಗರಿಗೆ ಕಾದಂಬರಿ ಅಂದರೆ ಸುಳ್ಳು, ನಾಟಕ ಅಂದರೆ ಪಾಪ. ಹೊಸಬರಿಗೆ ಹಳಬರು ಒರಟರಂತೆ ಕಂಡರು. ಹಳಬರಿಗೆ ಹೊಸಬರು ಸೊಕ್ಕಿನವರಂತೆ ಕಂಡರು. ಸಂಪಾದಕ ನಡುವೆ ನಿಂತಿದ್ದ.

ಹಳೇಕಾಗದ

ಕೆಂಪುನದಿ ಅವರೇ, ನಾನು ಹೇಳಬೇಕಾಗಿದ್ದನ್ನೇ ಹೇಳಿದಿರಿ. ಧನ್ಯವಾದ.

ಮೊಳೆಜೋಡಣೆ ಅವರಿಗೆ: ನಿಮ್ಮ ಅನುಭವದ ಮಾತನ್ನು ನಾನು ತಳ್ಳಿಹಾಕೋದಿಲ್ಲ. ಆದರೆ ‘ಪೋಸ್ಟ್’ ಪತ್ರಿಕೆಗೆ ಬರುತ್ತಿದ್ದ ಕಾಗದಗಳು ಎಲ್ಲಿಂದ ಬರುತ್ತಿದ್ದವು ಅನ್ನೋದನ್ನು ನೋಡಿ. 1916ರಲ್ಲಿ ಮ್ಯಾನಿಟೋಬಾ ಶಾಲೆಗಳಲ್ಲಿ ಇಂಗ್ಲಿಷ್ ಒಂದನ್ನೇ ಕಡ್ಡಾಯ ಮಾಡಿತು. ಮಕ್ಕಳಿಗೆ ಜರ್ಮನ್ ಕಲಿಸುವ ಹಕ್ಕು ಹೋಯಿತು ಅಂತ ಕಟ್ಟಾ ಹಳಬರು ಮತ್ತೆ ಗಂಟುಮೂಟೆ ಕಟ್ಟಿದರು. 1922ರಿಂದ ಸಾವಿರಾರು ಮಂದಿ ಮೆಕ್ಸಿಕೋಗೆ ಹೋದರು. 1926-27ರಲ್ಲಿ ಸುಮಾರು 1,700 ಮಂದಿ ಪರಾಗ್ವೆಯ ಚಾಕೊ ಅನ್ನೋ ಒಣ ಕುರುಚಲು ಕಾಡಿಗೆ ಹೋದರು. ನೆಲ ಅಳೆದು ಸಿಗುವ ಮೊದಲು ಗುಡಾರಗಳಲ್ಲಿ ಕಾಯುತ್ತಾ, ಜ್ವರ ಬಂದು ಎಷ್ಟೋ ಮಕ್ಕಳು ಸತ್ತರು. ಅಣ್ಣ ಮ್ಯಾನಿಟೋಬಾದಲ್ಲಿ, ತಂಗಿ ಮೆಕ್ಸಿಕೋದಲ್ಲಿ, ಇನ್ನೊಬ್ಬ ಸೋದರಮಾವ ಚಾಕೊದಲ್ಲಿ. ಇವರೆಲ್ಲರನ್ನೂ ಸೇರಿಸುತ್ತಿದ್ದದ್ದು ಒಂದು ವಾರಪತ್ರಿಕೆ. ಎಲ್ಲರಿಗೂ ಬೇರೆ ಬೇರೆ ಕಾಗದ ಬರೆಯೋದಕ್ಕಿಂತ ಪತ್ರಿಕೆಗೇ ಬರೆದರೆ ಒಂದೇ ಕಾಗದ ಮೂರು ದೇಶದಲ್ಲಿ ಓದಿಸಿಕೊಳ್ಳುತ್ತಿತ್ತು. ಹಸು ಕರು ಹಾಕಿದ್ದು, ಬಾವಿಯಲ್ಲಿ ಉಪ್ಪುನೀರು ಸಿಕ್ಕಿದ್ದು, ಅಜ್ಜಿ ತೀರಿಕೊಂಡದ್ದು ಎಲ್ಲ ಅದರಲ್ಲಿತ್ತು. ಹೊರಗಿನವರಿಗೆ ಅದು ಸುದ್ದಿಯೇ ಅಲ್ಲ. ಆ ಮನೆಗಳಿಗೆ ಅದಕ್ಕಿಂತ ದೊಡ್ಡ ಸುದ್ದಿ ಇರಲಿಲ್ಲ.

ಇದನ್ನೆಲ್ಲ ಓದುತ್ತಾ ಕೂತ ಮನುಷ್ಯನ ಕಿವಿಗೆ ಏನು ಬಿದ್ದಿರುತ್ತೆ ಯೋಚಿಸಿ. ಶಾಲೆ ಕಲಿಯದ ಜನ ಹೇಗೆ ಮಾತು ಶುರುಮಾಡುತ್ತಾರೆ, ದುಃಖದ ವಿಷಯಕ್ಕೆ ಬರುವ ಮೊದಲು ಎಷ್ಟು ಹೊತ್ತು ಹವಾಮಾನದ ಬಗ್ಗೆಯೇ ಹೇಳುತ್ತಾರೆ, ಪಕ್ಕದವನ ಬಗ್ಗೆ ದೂರು ಹೇಳುವಾಗಲೂ ಅವನ ಕುದುರೆಯನ್ನು ಹೇಗೆ ಹೊಗಳುತ್ತಾರೆ. ಡಿಕ್ ಅವರ ಅತ್ಯಂತ ಪ್ರಸಿದ್ಧ ಪಾತ್ರಗಳು ಕೂಪ್ ಮತ್ತು ಬುವಾ. ಮ್ಯಾನಿಟೋಬಾದ ಇಬ್ಬರು ರೈತರು. ಇಬ್ಬರೂ ಮಾತು ಮಾತು ಮಾತು. ಟೊರೊಂಟೊಗೆ ಹೊರಡುತ್ತಾರೆ, ಮುಂದೊಂದು ಪುಸ್ತಕದಲ್ಲಿ ಜರ್ಮನಿಗೂ ಹೋಗುತ್ತಾರೆ. ಎಲ್ಲಿ ಹೋದರೂ ಕಂಡದ್ದನ್ನೆಲ್ಲ ತಮ್ಮ ಹೊಲ, ಕೊಟ್ಟಿಗೆಗೆ ಹೋಲಿಸುತ್ತಾರೆ. ಈ ಜೋಡಿ ಹುಟ್ಟಿದ್ದು ಪತ್ರಿಕೆಯ ದಿನಗಳಲ್ಲೇ. ಇದು ಕಾಕತಾಳೀಯ ಅಂತ ನನಗೆ ಅನಿಸೋದಿಲ್ಲ.

ನೇತ್ರಾವತಿದಂಡೆ

ಭಾಷೆಯ ವಿಷಯ ಯಾರೂ ಇನ್ನೂ ಎತ್ತಿಲ್ಲವಲ್ಲ? ನನಗೆ ಇದರಲ್ಲಿ ಅದೇ ದೊಡ್ಡದು.

ನಾನು ಮಂಗಳೂರಿನವಳು. ಮನೆಯಲ್ಲಿ ಕೊಂಕಣಿ, ಬೀದಿಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಕಚೇರಿಯಲ್ಲಿ ಇಂಗ್ಲಿಷ್. ಈ ಮೆನೊನೈಟರದ್ದೂ ಇಂಥದ್ದೇ ಸ್ಥಿತಿ ಅಂತ ಓದಿದಾಗ ತುಂಬ ಹತ್ತಿರ ಅನ್ನಿಸಿತು. ಮನೆಯಲ್ಲಿ ಆಡುವುದು ಪ್ಲಾಟ್‌ಡೀಚ್, ವಿಸ್ಟುಲಾ ನದಿಯ ಕಡೆ ಇದ್ದಾಗ ಕಲಿತ ಕೆಳಜರ್ಮನ್. ಚರ್ಚಿನಲ್ಲಿ, ಪತ್ರಿಕೆಯಲ್ಲಿ, ಕಾಗದದಲ್ಲಿ ಮೇಲ್ಜರ್ಮನ್, ಅಂದರೆ ಪುಸ್ತಕದ ಶಿಷ್ಟ ಜರ್ಮನ್. ರಷ್ಯಾದಲ್ಲಿದ್ದಾಗ ಕಚೇರಿಗೆ ರಷ್ಯನ್, ಆಳುಗಳ ಜೊತೆ ಉಕ್ರೇನಿಯನ್. ಕೆನಡಾಕ್ಕೆ ಬಂದ ಮೇಲೆ ಇಂಗ್ಲಿಷ್.

ಮನೆಮಾತನ್ನು ಯಾರೂ ಬರೆಯುತ್ತಿರಲಿಲ್ಲ. ಅಡುಗೆಮನೆಗೆ, ಕೊಟ್ಟಿಗೆಗೆ, ಜಗಳಕ್ಕೆ ಸಾಕು, ಪುಸ್ತಕಕ್ಕೆ ಯಾಕೆ ಅನ್ನೋ ಭಾವನೆ. ಡಿಕ್ ಅದಕ್ಕೆ ಸ್ಪೆಲಿಂಗ್ ಹುಡುಕಿಕೊಂಡು ಕಥೆ, ನಾಟಕ ಎಲ್ಲ ಬರೆದರು. ‘ಡೀ ಫ್ರೀಯ’ ಅಂತ ಹೆಣ್ಣು ಕೇಳಲು ಬರುವ ಕಥೆಯ ನಾಟಕ, ಕಾಡಿನ ಸೇವಾಶಿಬಿರದ ಬಗ್ಗೆ ನಾಟಕಗಳು. ಜನ ಅದನ್ನು ಸಭಾಂಗಣಗಳಲ್ಲಿ ಆಡಿದರು. ಹಿಂದಿನ ತಲೆಮಾರು ನಾಟಕ ಪಾಪ ಅಂದಿತ್ತಲ್ಲ, ಅದೇ ಸಮುದಾಯ. ತಮ್ಮ ಅಮ್ಮನ ಮಾತನ್ನು ವೇದಿಕೆ ಮೇಲೆ ಕೇಳಿದಾಗ ಜನರಿಗೆ ಏನಾಗಿರಬಹುದು ಅಂತ ನನಗೆ ಗೊತ್ತು. ನಮ್ಮ ಕಡೆ ಕೊಂಕಣಿ ನಾಟಕ ನೋಡುವಾಗ ಹಿರಿಯರ ಮುಖ ನೋಡಿದ್ದೇನೆ.

ಹಳೇಕಾಗದ ಅವರಿಗೆ ಒಂದು ಪ್ರಶ್ನೆ. ಅವರ ದೊಡ್ಡ ಕಾದಂಬರಿ ಮಾತ್ರ ಮೇಲ್ಜರ್ಮನ್‌ನಲ್ಲಿದೆಯಂತೆ. ಯಾಕೆ? ಮನೆಮಾತಿನ ಮೇಲೆ ಅಷ್ಟು ಪ್ರೀತಿ ಇದ್ದವರು ತಮ್ಮ ಬಾಲ್ಯದ ಕಥೆಯನ್ನು ಅದರಲ್ಲಿ ಯಾಕೆ ಬರೆಯಲಿಲ್ಲ?

ಹಳೇಕಾಗದ

ಒಳ್ಳೇ ಪ್ರಶ್ನೆ ಮೇಡಂ. ಕಾದಂಬರಿಯ ಹೆಸರು ‘ಫೆರ್ಲೋರೆನ್ ಇನ್ ಡೆರ್ ಸ್ಟೆಪೆ’. ಹುಲ್ಲುಬಯಲಿನಲ್ಲಿ ಕಳೆದುಹೋದವನ ಕಥೆ. 1944ರಿಂದ 1948ರವರೆಗೆ ಐದು ಭಾಗಗಳಲ್ಲಿ ಬಂತು. ಡಿಕ್ ಸ್ವತಃ ಪ್ರಕಟಿಸಿದರು. ಹಾನ್ಸ್‌ಹೆನ್ ಟೇವ್ಸ್ ಅನ್ನೋ ಹುಡುಗ ಹೋಖ್‌ಫೆಲ್ಡ್ ಹಳ್ಳಿಯಲ್ಲಿ ಬೆಳೆಯುತ್ತಾನೆ. ಹೊಲ, ಕುದುರೆ, ಅಮ್ಮ, ಊರ ಮೇಷ್ಟ್ರು, ರಷ್ಯನ್ ದನಗಾಹಿ. ಹುಡುಗನಿಗೆ ಚಿತ್ರದ ಮೇಲೆ, ಆಚೆಯ ಲೋಕದ ಮೇಲೆ ಆಸೆ. ಸುತ್ತ ಇರುವ ದೊಡ್ಡವರಿಗೆ ಆ ಆಸೆ ಅರ್ಥವೇ ಆಗೋದಿಲ್ಲ. ಕೆಟ್ಟವರಲ್ಲ ಅವರು. ಅವನಿಗೆ ಏನು ಬೇಕು ಅಂತ ಅವರಿಗೆ ಗೊತ್ತಾಗಲ್ಲ, ಅಷ್ಟೇ.

ನನಗೆ ಅನಿಸೋದು ಇಷ್ಟು. ಕೂಪ್-ಬುವಾ ಮಾತಾಡುವ ಜನ. ಅವರ ಮಾತೇ ಕಥೆ. ಹಾಗಾಗಿ ಮನೆಮಾತು ಬೇಕೇ ಬೇಕು. ಕಾದಂಬರಿಯ ಹುಡುಗ ಮಾತಾಡೋದು ಕಡಿಮೆ. ಒಳಗೇ ಯೋಚಿಸುತ್ತಾನೆ, ನೋಡುತ್ತಾನೆ, ಹಂಬಲಿಸುತ್ತಾನೆ. ಆ ಹಂಬಲ ಅವನಿಗೆ ಬಂದದ್ದೇ ಪುಸ್ತಕದ ಭಾಷೆಯಿಂದ. ಹಳ್ಳಿಯ ಹೊರಗೆ ದಾರಿ ತೋರಿಸಿದ ಭಾಷೆಯಲ್ಲೇ ಹಳ್ಳಿಯನ್ನು ನೆನೆದುಕೊಂಡರು. ಇಷ್ಟು ಬಿಟ್ಟರೆ ಓದುಗರ ಪ್ರಶ್ನೆಯೂ ಇತ್ತು. ಮೆಕ್ಸಿಕೋದಿಂದ ಜರ್ಮನಿಯವರೆಗೆ ಎಲ್ಲ ಮೆನೊನೈಟರಿಗೂ ಓದಿ ಅಭ್ಯಾಸ ಇದ್ದದ್ದು ಮೇಲ್ಜರ್ಮನ್ ಮಾತ್ರ.

1944 ಅನ್ನೋ ಇಸವಿಯನ್ನು ಇನ್ನೊಮ್ಮೆ ನೋಡಿ. ಕೆನಡಾ ಆಗ ಜರ್ಮನಿಯ ಜೊತೆ ಯುದ್ಧದಲ್ಲಿತ್ತು. ಜರ್ಮನ್‌ನಲ್ಲಿ ಪುಸ್ತಕ ತರೋದು ಅಂದರೆ ಪಕ್ಕದ ಮನೆಯವರು ಅನುಮಾನದಿಂದ ನೋಡುವ ಕೆಲಸ. ಇನ್ನೊಂದು ಇದಕ್ಕಿಂತ ಸಂಕಟದ್ದು. 1943ರ ಶರತ್ಕಾಲದಲ್ಲಿ ಸೋಲುತ್ತಿದ್ದ ಜರ್ಮನ್ ಸೈನ್ಯ ಹಿಂದೆ ಸರಿಯುವಾಗ ಆ ಕಡೆಯ ಮೆನೊನೈಟ್ ಹಳ್ಳಿಗಳು ಪೂರ್ತಿ ಖಾಲಿಯಾದವು. ಗಾಡಿಗಳಲ್ಲಿ, ರೈಲುಗಳಲ್ಲಿ ಸುಮಾರು 35,000 ಮಂದಿ ಪಶ್ಚಿಮಕ್ಕೆ ಹೊರಟರು. ಅವರಲ್ಲಿ ಸರಿಸುಮಾರು ಮೂರನೇ ಎರಡು ಭಾಗ ಮತ್ತೆ ಸೋವಿಯತ್ ಕೈಗೆ ಸಿಕ್ಕು ಸೈಬೀರಿಯಾ, ಮಧ್ಯ ಏಷ್ಯಾಗಳಿಗೆ ಹೋದರು. ಡಿಕ್ ತಮ್ಮ ಹಳ್ಳಿಯನ್ನು ಮನೆ ಮನೆ, ಬೇಲಿ ಬೇಲಿ ಬರೆಯುತ್ತಿದ್ದ ಹೊತ್ತಿಗೆ ಅಲ್ಲಿ ಅವರ ಜನ ಒಬ್ಬರೂ ಉಳಿದಿರಲಿಲ್ಲ.

ದಾಖಲೆಓದುಗ

ಎಲ್ಲರೂ ಮೆಚ್ಚುತ್ತಿದ್ದೀರಿ. ನನಗೂ ಡಿಕ್ ಬಗ್ಗೆ ಗೌರವ ಇದೆ. ಆದರೆ ಕೆಲವು ಕಹಿ ವಿಷಯಗಳನ್ನು ಇಲ್ಲಿ ಇಡಲೇಬೇಕು.

ಡಿಕ್ ಹುಟ್ಟಿದ ಹೋಖ್‌ಫೆಲ್ಡ್ ಇದ್ದದ್ದು ಯಾಜಿಕೊವೊ ಅನ್ನೋ ನೆಲೆಯಲ್ಲಿ. ಅದೇ ನೆಲೆಯ ಇನ್ನೊಂದು ಹಳ್ಳಿ ಐಖೆನ್‌ಫೆಲ್ಡ್. 1919ರ ಶರತ್ಕಾಲದಲ್ಲಿ, ಅಂತರ್ಯುದ್ಧದ ಹೊತ್ತಿನಲ್ಲಿ, ಉಕ್ರೇನಿನ ಅರಾಜಕತಾವಾದಿ ನಾಯಕ ನೆಸ್ತರ್ ಮಖ್ನೊನ ಕಡೆಯ ಸೈನಿಕರು ಆ ಹಳ್ಳಿಗೆ ನುಗ್ಗಿ ಒಂದೇ ರಾತ್ರಿ ಸುಮಾರು 80 ಜನರನ್ನು ಕೊಂದರು. ಹೆಚ್ಚಿನವರು ಗಂಡಸರು, ಹುಡುಗರು. ಡಿಕ್ ಬಾಲ್ಯದ ಹಳ್ಳಿಗೆ ಕೂಗಳತೆಯ ದೂರ ಅಂತಲೇ ಅನ್ನಿ. ಐದು ಭಾಗದ ಕಾದಂಬರಿ ಬರೆದವರು ಹುಡುಗ ಓದಲು ಹೊರಡುವಲ್ಲಿಗೆ ನಿಲ್ಲಿಸಿಬಿಟ್ಟರು. ಯುದ್ಧವೂ ಇಲ್ಲ, ಕೊಲೆಯೂ ಇಲ್ಲ. ಸುಂದರವಾದ ಕಾಲವನ್ನಷ್ಟೇ ಉಳಿಸಿಕೊಂಡರೆ ಅದು ಅರ್ಧ ಸತ್ಯ ಅಲ್ವಾ?

ಇನ್ನೊಂದು. ಆ ಸಮೃದ್ಧಿಯಲ್ಲಿ ದುಡಿದವರು ಯಾರು? ಉಕ್ರೇನಿನ ಬಡ ಕೂಲಿಗಳು. ಮಖ್ನೊ ಕೂಡ ಹುಡುಗನಾಗಿದ್ದಾಗ ಜರ್ಮನ್ ಮಾತಾಡುವ ಜಮೀನ್ದಾರರ ಎಸ್ಟೇಟಿನಲ್ಲಿ ದುಡಿದವನು. ಕೊಲೆಗೆ ಅದು ಸಮರ್ಥನೆ ಅಲ್ಲ, ಖಂಡಿತ ಅಲ್ಲ. ಆದರೆ ಸಿಟ್ಟು ಎಲ್ಲಿಂದ ಬಂತು ಅಂತ ಕೇಳಬೇಕಲ್ಲ. ಆಯುಧ ಎತ್ತಲ್ಲ ಅಂದ ಸಮುದಾಯದಲ್ಲೇ ಕೆಲವರು 1918-19ರಲ್ಲಿ ಬಂದೂಕು ಹಿಡಿದು ಆತ್ಮರಕ್ಷಣಾ ಪಡೆ ಕಟ್ಟಿದರು. ಅದರ ಬಗ್ಗೆ ಅವರೊಳಗೇ ಇವತ್ತಿಗೂ ನೋವಿನ ಚರ್ಚೆ ಇದೆ.

ಮೂರನೆಯದು 1930ರ ದಶಕದ ಜರ್ಮನ್ ಪತ್ರಿಕೆಗಳ ನಡೆ. ಸೋವಿಯತ್ ಆಡಳಿತದಿಂದ ಬೆಂದು ಬಂದವರಿಗೆ ಹಿಟ್ಲರ್‌ನ ಜರ್ಮನಿ ಕಮ್ಯುನಿಸಮ್ಮಿನ ಶತ್ರುವಾಗಿ ಕಂಡಿತು. ರೊಸ್ಟರ್ನ್‌ನಿಂದ ಬರುತ್ತಿದ್ದ ‘ಡೆರ್ ಬೋಟೆ’ ಪತ್ರಿಕೆಯಲ್ಲಿ ಆ ಕಡೆಗೆ ಒಲವಿದ್ದ ಬರಹಗಳು ಎಷ್ಟು ಬಂದವು ಅಂತ ಫ್ರಾಂಕ್ ಎಪ್ ಅನ್ನೋ ಮೆನೊನೈಟ್ ಇತಿಹಾಸಕಾರರೇ 1965ರಲ್ಲಿ ಪ್ರಬಂಧ ಬರೆದರು. ಶಾಂತಿಯ ಧರ್ಮದವರ ಪತ್ರಿಕೆಯಲ್ಲಿ ಇಂಥದ್ದು. ಆ ದಶಕದ ಯಾವ ಮೆನೊನೈಟ್ ಸಂಪಾದಕರನ್ನು ಓದುವಾಗಲೂ ಇದನ್ನು ಮರೆಯಬಾರದು.

ಕೆಂಪುನದಿ

ದಾಖಲೆಓದುಗ ಅವರ ಮೂರನೇ ಮಾತು ನಿಜ. ಇಲ್ಲಿಯ ಮೆನೊನೈಟರೇ ಅದನ್ನು ಮುಚ್ಚಿಡದೆ ಬರೆದುಕೊಂಡಿದ್ದಾರೆ. ಎಪ್ ಸ್ವತಃ ಮೆನೊನೈಟ್ ಪತ್ರಿಕೆಯ ಸಂಪಾದಕರಾಗಿದ್ದವರು. ತಮ್ಮವರ ತಪ್ಪನ್ನು ತಾವೇ ದಾಖಲಿಸಿದರು ಅನ್ನೋದು ನನಗೆ ಮುಖ್ಯ.

ಹಾಗೆ ಬರೆದದ್ದಕ್ಕೆ ಬೆಲೆ ತೆತ್ತವರೂ ಇದ್ದಾರೆ. ರೂಡಿ ವೀಬ್ ಇಲ್ಲಿಯ ದೊಡ್ಡ ಕಾದಂಬರಿಕಾರ. ಅವರ ತಂದೆತಾಯಿ 1930ರಲ್ಲಿ ಸೋವಿಯತ್ ರಷ್ಯಾದಿಂದ ಬಂದವರು. 1962ರಲ್ಲಿ ವಿನ್ನಿಪೆಗ್‌ನಲ್ಲಿ ಮೆನೊನೈಟ್ ಬ್ರೆದ್ರನ್ ಪಂಗಡದ ಇಂಗ್ಲಿಷ್ ವಾರಪತ್ರಿಕೆಗೆ ಮೊದಲ ಸಂಪಾದಕರಾದರು. ಅದೇ ವರ್ಷ ಅವರ ಮೊದಲ ಕಾದಂಬರಿ ಬಂತು. ಬಯಲಿನ ಒಂದು ಮೆನೊನೈಟ್ ಹಳ್ಳಿ, ಶಾಂತಿಯ ಮಾತಿನ ಕೆಳಗೆ ಹುದುಗಿದ್ದ ಹಿಂಸೆ. ಸಮುದಾಯ ಕೆರಳಿತು. 1963ರಲ್ಲಿ ಸಂಪಾದಕನ ಕುರ್ಚಿ ಬಿಡಬೇಕಾಯಿತು. ಡಿಕ್ ಕಾಲದಿಂದ ವೀಬ್ ಕಾಲದವರೆಗೂ ಪತ್ರಿಕೆಯ ಮೇಜು ಮತ್ತು ಕಾದಂಬರಿಯ ಮೇಜು ಎರಡರಲ್ಲೂ ಒಬ್ಬರೇ ಕೂರೋದು ಈ ಸಮುದಾಯದಲ್ಲಿ ಕಷ್ಟವೇ ಆಗಿತ್ತು.

ಹಳೇಕಾಗದ

ದಾಖಲೆಓದುಗ ಅವರೇ, ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಕೊಡುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಆ ದಶಕದ ಪತ್ರಿಕೆಗಳ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಅದಕ್ಕೆ ಯಾವ ಸಬೂಬೂ ಬೇಡ. ಕೂಲಿಗಳ ವಿಷಯವೂ ಸರಿ. ಹುಡುಗನ ಕಣ್ಣಿನಿಂದ ನೋಡಿದ ಕಾದಂಬರಿಯಲ್ಲಿ ಆಳುಗಳು ಬರುತ್ತಾರೆ, ಪ್ರೀತಿಯಿಂದಲೇ ಬರುತ್ತಾರೆ, ಆದರೆ ಅವರ ಮನೆಯೊಳಗೆ ಕಥೆ ಹೋಗೋದಿಲ್ಲ. ಅದು ಈ ಪುಸ್ತಕದ ಮಿತಿ.

ಐಖೆನ್‌ಫೆಲ್ಡ್ ವಿಷಯಕ್ಕೆ ಮಾತ್ರ ನಾನು ನಿಮ್ಮ ಜೊತೆ ಇಲ್ಲ. 1920ರ ದಶಕದಲ್ಲಿ ಕೆನಡಾಕ್ಕೆ ಬಂದವರು ಆ ಭಯವನ್ನು ಬರೆದೇ ಬರೆದರು. ಡೈರಿ, ನೆನಪು, ಪತ್ರ ಎಲ್ಲದರಲ್ಲೂ ಕೊಲೆಯೇ ಮೊದಲು ಬಂತು. ಅದು ಸಹಜ. ಹಾಗೆ ಬರೆಯುತ್ತಾ ಹೋದಾಗ ಒಂದು ವಿಚಿತ್ರ ಆಯಿತು. ಆ ನೂರಮೂವತ್ತು ವರ್ಷದ ಬದುಕು ಅಂದರೆ ಅದರ ಕೊನೆಯ ಮೂರು ವರ್ಷ ಮಾತ್ರ ಅನ್ನೋ ಹಾಗಾಯಿತು. ಸತ್ತವರು ಹೇಗೆ ಸತ್ತರು ಅಂತ ಎಲ್ಲರಿಗೂ ಗೊತ್ತಾಯಿತು. ಹೇಗೆ ಬದುಕಿದ್ದರು ಅಂತ ಮಕ್ಕಳಿಗೆ ಗೊತ್ತಾಗಲಿಲ್ಲ. ಡಿಕ್ ಬರೆದದ್ದು ಆ ಎರಡನೆಯದನ್ನು. ಕೊಲೆಯನ್ನು ಮರೆಮಾಚಿದ್ದಲ್ಲ. ಅವರ ಓದುಗರಲ್ಲಿ ಕೊಲೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಪ್ರತಿ ಪುಟವನ್ನೂ ಅವರು ಅದನ್ನು ತಿಳಿದೇ ಓದಿದರು.

ಹಾಗಂತ ಅವರು ಇತಿಹಾಸ ಬೇಡ ಅಂದವರೂ ಅಲ್ಲ. ಎರಡನೇ ಮಹಾಯುದ್ಧ ಮುಗಿಯುವ ಹೊತ್ತಿಗೆ ‘ಎಖೊ ಫೆರ್ಲಾಗ್’ ಅನ್ನೋ ಪ್ರಕಾಶನದ ಮೂಲಕ ರಷ್ಯಾದ ಒಂದೊಂದು ಮೆನೊನೈಟ್ ನೆಲೆಯ ಬಗ್ಗೆಯೂ ಚಿಕ್ಕ ಚಿಕ್ಕ ಇತಿಹಾಸ ಪುಸ್ತಕಗಳ ಸಾಲು ಶುರುವಾಯಿತು. ಅಲ್ಲಿ ಬಾಳಿ ಬಂದವರು, ಮೇಷ್ಟ್ರುಗಳು, ನೆನಪು ಇನ್ನೂ ಗಟ್ಟಿಯಾಗಿದ್ದವರು ಬರೆದರು. ಡಿಕ್ ಅದರ ಹಿಂದೆ ನಿಂತು ಕೆಲಸ ಮಾಡಿದರು. ಸಂಪಾದಕನ ಬುದ್ಧಿ ಅಂದರೆ ಇದು. ಎಲ್ಲವನ್ನೂ ತಾನೇ ಬರೆಯಬೇಕು ಅಂತ ಕೂರದೆ, ಗೊತ್ತಿದ್ದವರ ಕೈಗೆ ಪೆನ್ನು ಕೊಡೋದು.

ರಾಯಚೂರುಬಿಸಿಲು

ಅಣ್ಣಾವ್ರೇ, ಮೆನೊನೈಟ್ ಅಂದ ಕೂಡಲೇ ನನಗೆ ಮೆಹಬೂಬ್‌ನಗರ ನೆನಪಾಯಿತು. ನಮ್ಮ ರಾಯಚೂರಿಗೆ ಹತ್ತಿರದ ತೆಲುಗು ಸೀಮೆ. ಜಡ್ಚರ್ಲಾದಲ್ಲಿ ಅವರ ಆಸ್ಪತ್ರೆ ಇದೆ, ಗದ್ವಾಲದಲ್ಲಿ ಅವರ ಚರ್ಚ್ ಇದೆ. ಇದೇ ರಷ್ಯಾದ ಮೆನೊನೈಟರಾದ ಅಬ್ರಹಾಂ ಫ್ರೀಸೆನ್ ಅನ್ನೋರು 1890ರ ಆಸುಪಾಸಿನಲ್ಲಿ ಹೆಂಡತಿ ಮರಿಯಾ ಜೊತೆ ನಲ್ಗೊಂಡಕ್ಕೆ ಬಂದು ಮಿಷನ್ ಕೆಲಸ ಶುರುಮಾಡಿದರು. ಆಮೇಲೆ ಅಮೆರಿಕಾದಲ್ಲಿ ನೆಲೆಸಿದ್ದ ಮೆನೊನೈಟರೂ ಹೈದರಾಬಾದ್ ಸಂಸ್ಥಾನಕ್ಕೆ ಬಂದರು. ನಮ್ಮ ಕಡೆ ಚರ್ಚಿಗೆ ಹೋಗುವವರಲ್ಲಿ ಎಷ್ಟೋ ಮಂದಿಗೆ ಆ ಹೆಸರು ಗೊತ್ತು, ಆದರೆ ಅವರು ಯಾವ ಊರಿನಿಂದ, ಯಾಕೆ ಬಂದವರು ಅಂತ ಗೊತ್ತಿಲ್ಲ. ಇವತ್ತು ನಿಮ್ಮಿಂದ ತಿಳಿಯಿತು.

ಒಂದು ಕೇಳಬೇಕು. ಡಿಕ್ ಕೊನೆಗೆ ಜರ್ಮನಿಗೆ ಯಾಕೆ ಹೋದರು? ಅಷ್ಟು ವರ್ಷ ಕೆನಡಾದಲ್ಲಿದ್ದವರಲ್ವಾ?

ಹಳೇಕಾಗದ

ಗದ್ವಾಲದ ಮಾಹಿತಿಗೆ ತುಂಬ ಧನ್ಯವಾದ, ತಮ್ಮಾ.

ವಯಸ್ಸಾದ ಮೇಲೆ ಅವರು ಎರಡೂ ದೇಶಗಳ ನಡುವೆ ಓಡಾಡಿದರು. ಕೊನೆಯ ದಿನಗಳು ಉತ್ತರ ಜರ್ಮನಿಯ ದಾರ್ಲಾಟೆನ್ ಅನ್ನೋ ಹಳ್ಳಿಯಲ್ಲಿ ಕಳೆದವು. ನನಗೆ ತೋಚುವ ಕಾರಣ ಓದುಗರು. 1950ರ ಹೊತ್ತಿಗೆ ಮ್ಯಾನಿಟೋಬಾದ ಮೆನೊನೈಟ್ ಮಕ್ಕಳು ಇಂಗ್ಲಿಷಿನಲ್ಲಿ ಓದುತ್ತಿದ್ದರು. ಅಜ್ಜಿಯ ಜೊತೆ ಪ್ಲಾಟ್‌ಡೀಚ್ ಆಡುವವರೂ ಪುಸ್ತಕ ಅಂದರೆ ಇಂಗ್ಲಿಷ್ ಪುಸ್ತಕವನ್ನೇ ಎತ್ತಿಕೊಳ್ಳುತ್ತಿದ್ದರು. ಚರ್ಚಿನ ಆರಾಧನೆಯೂ ಇಂಗ್ಲಿಷಿಗೆ ತಿರುಗುತ್ತಿತ್ತು. ಬರಹಗಾರನಿಗೆ ಇದಕ್ಕಿಂತ ಕಷ್ಟ ಏನಿದೆ? ಊರು ಒಂದು ಸಲ ಹೋಯಿತು. ಬದುಕಿರುವಾಗಲೇ ಓದುಗರೂ ಕೈಬಿಟ್ಟು ಹೋಗುತ್ತಿದ್ದರು. ಅವರದ್ದೇ ಜನ, ಅವರದ್ದೇ ಬೀದಿ, ಆದರೂ.

ನೇತ್ರಾವತಿದಂಡೆ

ಇದು ಓದಿ ಮನಸ್ಸು ಭಾರವಾಯಿತು. ನಮ್ಮ ಮನೆಯ ಮಕ್ಕಳೂ ಕೊಂಕಣಿ ಮಾತಾಡುತ್ತಾರೆ, ಓದೋದಿಲ್ಲ.

ಒಂದು ವಿಷಯ ಸೇರಿಸುತ್ತೇನೆ. ಭಾಷೆ ಹೋಯಿತು ಅಂತ ಪೂರ್ತಿ ಕೈಬಿಡಬೇಡಿ. ಪ್ಲಾಟ್‌ಡೀಚ್ ಈಗ ಬೊಲಿವಿಯಾ, ಮೆಕ್ಸಿಕೋ, ಪರಾಗ್ವೆಗಳಲ್ಲಿ ಲಕ್ಷಗಟ್ಟಲೆ ಜನರ ಮನೆಮಾತು. ಕೆನಡಾದಲ್ಲಿ ಕಡಿಮೆಯಾದರೂ ಅಲ್ಲಿ ಮಕ್ಕಳು ಅದರಲ್ಲೇ ಜಗಳ ಆಡುತ್ತಾ ಬೆಳೆಯುತ್ತಿದ್ದಾರೆ. ಡಿಕ್ ಹಾಕಿಕೊಟ್ಟ ಬರವಣಿಗೆಯ ಮೇಲೆ ಆಮೇಲಿನವರು ನಿಘಂಟು ಮಾಡಿದರು, ಪೂರ್ತಿ ಬೈಬಲ್ಲನ್ನೇ ಅದರಲ್ಲಿ ತಂದರು. ಎಲ್ಲರೂ ಅವರ ಸ್ಪೆಲಿಂಗನ್ನೇ ಇಟ್ಟುಕೊಳ್ಳಲಿಲ್ಲ, ಆದರೆ ಮನೆಮಾತನ್ನು ಬರೆಯಬಹುದು ಅನ್ನೋ ಧೈರ್ಯಕ್ಕೆ ದೊಡ್ಡ ದಾರಿ ಮಾಡಿಕೊಟ್ಟವರು ಅವರೇ.

ಮೊಳೆಜೋಡಣೆ

ಇಷ್ಟೆಲ್ಲ ಓದಿದ ಮೇಲೆ ನನ್ನ ಅಭಿಪ್ರಾಯ ಸ್ವಲ್ಪ ಸಡಿಲವಾಗಿದೆ. ಆದರೂ ಪೂರ್ತಿ ಒಪ್ಪೋದಿಲ್ಲ. 1936ರಲ್ಲಿ ಪತ್ರಿಕೆ ಬಿಟ್ಟು 1944ರಲ್ಲಿ ಕಾದಂಬರಿಯ ಮೊದಲ ಭಾಗ ತಂದರು. ಆಗ ಅವರಿಗೆ 55 ವರ್ಷ. ಹೊಟ್ಟೆಪಾಡಿನ ಚಿಂತೆ ಇಲ್ಲದಿದ್ದರೆ ಅದು 35ಕ್ಕೇ ಬರುತ್ತಿತ್ತೋ ಏನೋ. ರೈತರ ಕಾಗದ ಕಿವಿ ಕೊಟ್ಟಿತು ಅಂತ ಒಪ್ಪುತ್ತೇನೆ. ಆದರೆ ಸಮಯ ತಿಂದದ್ದೂ ಅದೇ.

ಆ ಪತ್ರಿಕೆ ಏನಾಯಿತು? ಈಗಲೂ ಇದೆಯಾ?

ಕೆಂಪುನದಿ

‘ಸ್ಟೈನ್‌ಬ್ಯಾಕ್ ಪೋಸ್ಟ್’ 1936ರಲ್ಲಿ ಅಲ್ಲಿಯ ಡರ್ಕ್ಸೆನ್ ಕುಟುಂಬದ ಕೈಗೆ ಹೋಯಿತು. ಅದೇ ಕುಟುಂಬ 1946ರಲ್ಲಿ ‘ಕ್ಯಾರಿಲಾನ್’ ಅನ್ನೋ ಇಂಗ್ಲಿಷ್ ವಾರಪತ್ರಿಕೆ ಶುರುಮಾಡಿತು. ಊರಿನ ಓದುಗರು ಮೆಲ್ಲಗೆ ಆ ಕಡೆ ಹೋದರು. ‘ಪೋಸ್ಟ್’ 1967ರಲ್ಲಿ ನಿಂತಿತು.

ಮೆಕ್ಸಿಕೋ, ಪರಾಗ್ವೆ, ಬೊಲಿವಿಯಾಗಳಲ್ಲಿ ಜರ್ಮನ್ ಓದುವವರಿಗೆ ಆಮೇಲೆ ‘ಪೋಸ್ಟ್’ ಇರಲಿಲ್ಲ. 1977ರಲ್ಲಿ ಮೆನೊನೈಟ್ ಸೆಂಟ್ರಲ್ ಕಮಿಟಿ ಅನ್ನೋ ಪರಿಹಾರ ಸಂಸ್ಥೆಯವರು ಅದೇ ಸ್ಟೈನ್‌ಬ್ಯಾಕ್‌ನಲ್ಲಿ ‘ಡೀ ಮೆನೊನಿಟಿಶೆ ಪೋಸ್ಟ್’ ಹೊರಡಿಸಿದರು. ಅದರಲ್ಲೂ ಓದುಗರ ಕಾಗದಗಳೇ ಜೀವಾಳ. ಮಳೆ, ಬೆಳೆ, ಮದುವೆ, ಸಾವು, ಯಾರು ಯಾರ ಮನೆಗೆ ಬಂದರು ಅನ್ನೋದು.

ಡಿಕ್ ಅವರ ಬರಹಗಳನ್ನು ಮ್ಯಾನಿಟೋಬಾ ಮೆನೊನೈಟ್ ಹಿಸ್ಟಾರಿಕಲ್ ಸೊಸೈಟಿ 1985ರಿಂದ 1990ರೊಳಗೆ ನಾಲ್ಕು ಸಂಪುಟಗಳಲ್ಲಿ ತಂದಿದೆ. ಜರ್ಮನ್ ಬರದವರಿಗೆ ಕಾದಂಬರಿಯ ಇಂಗ್ಲಿಷ್ ಅನುವಾದ 1974ರಲ್ಲೇ ಸ್ಟೈನ್‌ಬ್ಯಾಕ್‌ನಲ್ಲಿ ಅಚ್ಚಾಗಿದೆ. ಹಳೇ ಪುಸ್ತಕದಂಗಡಿಗಳಲ್ಲಿ ಸಿಕ್ಕರೆ ಬಿಡಬೇಡಿ. ಮೊಳೆಜೋಡಣೆ ಸರ್, ನೀವು ಮೊದಲು ಕೂಪ್-ಬುವಾ ಬಿಟ್ಟು ಕಾದಂಬರಿಯಿಂದಲೇ ಶುರುಮಾಡಿ. ಕೂಪ್-ಬುವಾ ಇಂಗ್ಲಿಷಿನಲ್ಲಿ ಓದಿದರೆ ಅದರ ಅರ್ಧ ರುಚಿ ಹೋಗುತ್ತೆ.

ಮೊಳೆಜೋಡಣೆ

ಆಗಲಿ. ಓದಿ ಮುಗಿಸಿದ ಮೇಲೆ ಇಲ್ಲೇ ಬರೆಯುತ್ತೇನೆ. ಹಳೇಕಾಗದ ಅವರ ಜೊತೆ ಆ ಹನ್ನೆರಡು ವರ್ಷದ ವಾದ ಇನ್ನೂ ಬಾಕಿ ಇದೆ.